ಹುಲ್ಲುಹಾಸಿನ ಮೇಲೆ ಗುಲಾಬಿ ಹಿಂಡು: ನಗೆಯನ್ನೇ ಬಂಡವಾಳವಾಗಿಸಿದ ನಿಧಿ ಸಂಗ್ರಹ

ಅಮೆರಿಕದ ಉಪನಗರವೊಂದರ ಸಾಧಾರಣ ಬಡಾವಣೆ. ಮುಂಜಾನೆ ದಿನಪತ್ರಿಕೆಗಾಗಿ ಬಾಗಿಲು ತೆರೆದ ಗೃಹಸ್ಥನಿಗೆ ತನ್ನ ಮನೆಯಂಗಳದ ಗುರುತೇ ಸಿಗುವುದಿಲ್ಲ. ರಾತ್ರಿ ಬರಿದಾಗಿದ್ದ ಹುಲ್ಲುಹಾಸಿನ ಮೇಲೆ ಈಗ ಎರಡು ಡಜನ್ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಹಕ್ಕಿಗಳು ತೆಳುವಾದ ಲೋಹದ ಕಾಲುಗಳ ಮೇಲೆ ನಿಂತಿವೆ. ಕೆಲವು ಕೊರಳೆತ್ತಿ ಬೀದಿಯನ್ನು ನೋಡುತ್ತಿವೆ. ಕೆಲವು ತಲೆ ತಗ್ಗಿಸಿ ಹುಲ್ಲು ಹೆಕ್ಕುವಂತಿವೆ. ನಡುವೆ ಒಂದು ಫಲಕ. ಮನೆಯವರ ಆಪ್ತರೊಬ್ಬರು ಹಣ ತೆತ್ತು ಈ ಹಿಂಡನ್ನು ಇಲ್ಲಿಗೆ ಕಳುಹಿಸಿದ್ದಾರೆಂದೂ, ಆ ಹಣ ಊರಿನ ಶಾಲೆಯ ವಾದ್ಯವೃಂದಕ್ಕೆ ಸಲ್ಲುತ್ತದೆಂದೂ, ಇಚ್ಛೆಯಿದ್ದಲ್ಲಿ ತಾವೂ ಒಂದಿಷ್ಟು ದೇಣಿಗೆ ನೀಡಿ ಹಿಂಡನ್ನು ಇನ್ನೊಬ್ಬರ ಅಂಗಳಕ್ಕೆ ಅಟ್ಟಬಹುದೆಂದೂ ಅದರಲ್ಲಿ ಬರೆದಿದೆ. ಎದುರುಮನೆಯವರು ಆಗಲೇ ಕಿಟಕಿಯಲ್ಲಿ ನಿಂತು ನಗುತ್ತಿದ್ದಾರೆ.

ಅಲ್ಲಿಯವರು ಇದನ್ನು 'ಫ್ಲಾಕಿಂಗ್' ಎನ್ನುತ್ತಾರೆ. ಕನ್ನಡದಲ್ಲಿ 'ಹಿಂಡು ಇಳಿಸುವುದು' ಎನ್ನಬಹುದು. ಹಕ್ಕಿ ಫ್ಲೆಮಿಂಗೊ; ನಮ್ಮಲ್ಲಿ ರಾಜಹಂಸವೆಂದು ಕರೆಸಿಕೊಳ್ಳುವ ಉದ್ದ ಕಾಲಿನ ನೀರುಹಕ್ಕಿಯ ಪ್ಲಾಸ್ಟಿಕ್ ಪ್ರತಿರೂಪ. ಚರ್ಚುಗಳ ಯುವಕ ಸಂಘಗಳು, ಸ್ಕೌಟ್ ದಳಗಳು, ಶಾಲಾ ಕ್ರೀಡಾ ತಂಡಗಳು, ರೋಗಿಗಳ ನೆರವಿಗೆ ನಿಂತ ಗೆಳೆಯರ ಬಳಗಗಳು ಅನೇಕ ವರ್ಷಗಳಿಂದ ಈ ಕ್ರಮವನ್ನು ಅನುಸರಿಸುತ್ತ ಬಂದಿವೆ. 1985ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾ ನಗರದಲ್ಲಿ ಗೋರ್ಡಿ ಕ್ಲಾಟ್ ಎಂಬ ಶಸ್ತ್ರವೈದ್ಯರು ಇಪ್ಪತ್ನಾಲ್ಕು ಗಂಟೆಗಳ ಕಾಲ ಓಡಿ, ನಡೆದು, ಅಮೆರಿಕನ್ ಕ್ಯಾನ್ಸರ್ ಸೊಸೈಟಿಗೆ 27,000 ಡಾಲರ್ ಸಂಗ್ರಹಿಸಿಕೊಟ್ಟರು. ಅದರಿಂದ ಬೆಳೆದ 'ರಿಲೇ ಫಾರ್ ಲೈಫ್' ಎಂಬ ವಾರ್ಷಿಕ ನಡಿಗೆಗೆ ಮುಂಚಿತವಾಗಿ ಹಣ ಕೂಡಿಸಬೇಕಾದ ತಂಡಗಳಲ್ಲಿ ಹಲವು ಈ ಗುಲಾಬಿ ಹಿಂಡನ್ನೇ ನೆಚ್ಚಿಕೊಂಡಿವೆ.

ಮೇಲ್ನೋಟಕ್ಕೆ ಇದು ಮಕ್ಕಳಾಟ. ಆದರೆ ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಇದರಲ್ಲಿ ಸರಕಿನ ಆಯ್ಕೆ, ಬಂಡವಾಳದ ಸರದಿ, ಬೆಲೆ ನಿಗದಿ, ಗಿರಾಕಿಯ ಮನಸ್ಸು, ಲೆಕ್ಕದ ಶುದ್ಧಿ ಎಲ್ಲವೂ ಅಡಕವಾಗಿರುವುದು ಕಂಡುಬರುತ್ತದೆ. ರಸೀದಿ ಪುಸ್ತಕ ಹಿಡಿದು ಅಂಗಡಿಯ ಮುಂದೆ ನಿಂತವರಿಗೆ ಮುಖ ಸಿಂಡರಿಸುತ್ತಲೇ ನೋಟು ತೆಗೆದುಕೊಟ್ಟ ಅನುಭವ ಯಾವ ವರ್ತಕನಿಗಿಲ್ಲ? ಅದೇ ನೋಟನ್ನು ನಗುತ್ತ ಕೊಡುವಂತೆ ಮಾಡುವ ಉಪಾಯ ತಿಳಿಯತಕ್ಕದ್ದೇ.

ಅಚ್ಚಿನಿಂದ ಅಂಗಳಕ್ಕೆ

ಈ ಹಕ್ಕಿಯ ತವರು ಮೆಸಾಚುಸೆಟ್ಸ್ ರಾಜ್ಯದ ಲೆಮಿನ್‌ಸ್ಟರ್ ಎಂಬ ಕೈಗಾರಿಕಾ ಪಟ್ಟಣ. ಹದಿನೆಂಟನೆಯ ಶತಮಾನದಲ್ಲಿಯೇ ದನದ ಕೊಂಬಿನಿಂದ ಬಾಚಣಿಗೆ ಮಾಡುವ ಕಸುಬು ಅಲ್ಲಿ ನೆಲೆಯೂರಿತ್ತು. ಕೊಂಬು ಹೋಗಿ ಸೆಲ್ಯುಲಾಯ್ಡ್ ಬಂದಿತು. ಸೆಲ್ಯುಲಾಯ್ಡ್ ಹೋಗಿ ಅಚ್ಚಿಗೆ ಹಾಕುವ ಪ್ಲಾಸ್ಟಿಕ್ ಬಂದಿತು. ಕಚ್ಚಾವಸ್ತು ಬದಲಾದರೂ ಕೈಗಳ ಪರಿಣತಿ ಊರು ಬಿಟ್ಟು ಹೋಗಲಿಲ್ಲ. ತಲೆಮಾರುಗಳ ಕಾಲ ಒಂದೇ ಕಸುಬನ್ನು ನಂಬಿದ ಊರುಗಳನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿನ ಯೂನಿಯನ್ ಪ್ರಾಡಕ್ಟ್ಸ್ ಎಂಬ ಕಂಪನಿ ಉದ್ಯಾನದ ಅಲಂಕಾರ ಸಾಮಗ್ರಿಗಳನ್ನು ತಯಾರಿಸುತ್ತಿತ್ತು. 1957ರಲ್ಲಿ, ಕಲಾಶಾಲೆಯಿಂದ ಆಗತಾನೆ ಹೊರಬಂದಿದ್ದ ಡಾನ್ ಫೆದರ್‌ಸ್ಟೋನ್ ಎಂಬ ಯುವಕನನ್ನು ಅದು ಕೆಲಸಕ್ಕೆ ತೆಗೆದುಕೊಂಡಿತು. ಸಪಾಟಾಗಿದ್ದ ಅಲಂಕಾರಗಳಿಗೆ ಮೂರು ಆಯಾಮಗಳ ಮೈಕಟ್ಟು ಕೊಡುವುದು ಆತನ ಹೊಣೆ. ಮೊದಲು ಆತ ಜೀವಂತ ಬಾತುಕೋಳಿಯೊಂದನ್ನು ತಂದು ಎದುರಿಗಿಟ್ಟುಕೊಂಡು ಬಾತುಕೋಳಿಯ ಮಾದರಿ ಮಾಡಿದ. ಮುಂದೆ ಫ್ಲೆಮಿಂಗೊ ಮಾಡಬೇಕಾದಾಗ ಜೀವಂತ ಹಕ್ಕಿ ದೊರೆಯಲಿಲ್ಲ. 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯ ಛಾಯಾಚಿತ್ರಗಳನ್ನು ನೋಡಿ ಜೇಡಿಮಣ್ಣಿನಲ್ಲಿ ರೂಪಿಸಿದ. ಕೊರಳೆತ್ತಿದ್ದು ಒಂದು, ತಲೆ ತಗ್ಗಿಸಿದ್ದು ಒಂದು, ಹೀಗೆ ಜೋಡಿಯಾಗಿಯೇ ಅವು ಮಾರಾಟಕ್ಕೆ ಬಂದವು. ಸಿಯರ್ಸ್ ಕಂಪನಿಯ ಅಂಚೆ ಮಾರಾಟದ ಪಟ್ಟಿಯಲ್ಲಿ ಆರಂಭದ ವರ್ಷಗಳಲ್ಲಿ ಜೋಡಿಗೆ 2.76 ಡಾಲರ್ ಬೆಲೆಯಿತ್ತು.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಉಪನಗರಗಳಲ್ಲಿ ಒಂದೇ ನಕ್ಷೆಯ ಸಾವಿರಾರು ಮನೆಗಳು ಸಾಲುಸಾಲಾಗಿ ಎದ್ದಿದ್ದವು. ಎಲ್ಲ ಮನೆಗಳೂ ಒಂದೇ ಬಗೆಯವಾದಾಗ ತನ್ನದೆಂಬ ಗುರುತಿಗಾಗಿ ಜನ ಅಂಗಳದತ್ತ ಕಣ್ಣು ಹಾಯಿಸುವುದು ಸಹಜ. ಕಡಿಮೆ ಬೆಲೆಗೆ, ದೂರದಿಂದಲೇ ಎದ್ದು ಕಾಣುವ ಬಣ್ಣದಲ್ಲಿ, ಮಳೆ ಬಿಸಿಲಿಗೆ ಜಗ್ಗದ ಹಕ್ಕಿ ಸಿಕ್ಕಿದಾಗ ಅದು ಬಿಸಿ ದೋಸೆಯಂತೆ ಖರ್ಚಾಯಿತು. ಅರವತ್ತರ ದಶಕದ ಕೊನೆಯ ಹೊತ್ತಿಗೆ ಅದೇ ಹಕ್ಕಿ ಕೀಳು ಅಭಿರುಚಿಯ ಸಂಕೇತವೆನಿಸಿ ನಗೆಪಾಟಲಿಗೀಡಾಯಿತು. ಬೇರೆ ಯಾವುದೇ ಸರಕಾಗಿದ್ದರೆ ಅಲ್ಲಿಗೆ ಅದರ ಕಥೆ ಮುಗಿಯುತ್ತಿತ್ತು. ಫ್ಲೆಮಿಂಗೊ ಮಾತ್ರ ಆ ನಗೆಯಿಂದಲೇ ಎರಡನೆಯ ಆಯುಷ್ಯ ಪಡೆಯಿತು. ಜನ ಅದನ್ನು ಅಂದಕ್ಕಾಗಿ ಕೊಳ್ಳುವುದನ್ನು ಬಿಟ್ಟು ತಮಾಷೆಗಾಗಿ ಕೊಳ್ಳತೊಡಗಿದರು.

ಈ ತಿರುವಿಗೆ ಒಂದು ಪ್ರಸಿದ್ಧ ನಿದರ್ಶನವಿದೆ. 1979ರ ಸೆಪ್ಟೆಂಬರಿನಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮ್ಯಾಡಿಸನ್ ಆವರಣದಲ್ಲಿ ತರಗತಿಗಳು ಆರಂಭವಾಗುವ ಹೊತ್ತಿಗೆ, ಬ್ಯಾಸ್ಕಮ್ ಹಿಲ್ ಎಂಬ ಹುಲ್ಲುಗಾವಲಿನ ದಿಬ್ಬದ ಮೇಲೆ 1,008 ಪ್ಲಾಸ್ಟಿಕ್ ಫ್ಲೆಮಿಂಗೊಗಳು ನಿಂತಿದ್ದವು. ವಿದ್ಯಾರ್ಥಿ ಸಂಘದ ಅಧಿಕಾರ ಹಿಡಿದಿದ್ದ 'ಪೇಲ್ ಅಂಡ್ ಶವೆಲ್' ಎಂಬ ವಿನೋದ ಪಕ್ಷದವರ ಕೈಚಳಕವದು. ಮೂವತ್ತು ವರ್ಷಗಳ ಬಳಿಕ, 2009ರಲ್ಲಿ, ಮ್ಯಾಡಿಸನ್ ನಗರಸಭೆ ಪ್ಲಾಸ್ಟಿಕ್ ಫ್ಲೆಮಿಂಗೊವನ್ನು ನಗರದ ಅಧಿಕೃತ ಪಕ್ಷಿಯೆಂದು ಅಂಗೀಕರಿಸಿತು. ವಿಶ್ವವಿದ್ಯಾನಿಲಯದ ಹಿತೈಷಿಗಳು ಇದೇ ನೆನಪನ್ನು ದೇಣಿಗೆ ಸಂಗ್ರಹಕ್ಕೆ ತಿರುಗಿಸಿ, ಬಂದ ದೇಣಿಗೆಗಳಿಗೆ ಪ್ರತಿಯಾಗಿ ದಿಬ್ಬದ ಮೇಲೆ ಫ್ಲೆಮಿಂಗೊಗಳನ್ನು ನೆಡುವ ಕಾರ್ಯಕ್ರಮವನ್ನು ಆರಂಭಿಸಿದರು. ಕೊಟ್ಟ ಹಣ ಕಣ್ಣೆದುರಿಗೆ ಹಕ್ಕಿಯಾಗಿ ನಿಲ್ಲುತ್ತದೆ. ದಿಬ್ಬ ತುಂಬುವುದನ್ನು ಕಂಡವರು ತಮ್ಮದೂ ಒಂದಿರಲೆಂದು ಮುಂದೆ ಬರುತ್ತಾರೆ. ದೇಣಿಗೆಯ ಮೊತ್ತವನ್ನು ಕಪ್ಪು ಹಲಗೆಯ ಮೇಲೆ ಬರೆದಿಡುವುದಕ್ಕಿಂತ ಇದು ಎಷ್ಟೋ ಪಾಲು ಮಿಗಿಲು.

ಹಿಂಡಿನ ಹಣಕಾಸು

ಬಡಾವಣೆಗಳ ಹಿಂಡಿನ ವಿಚಾರಕ್ಕೆ ಬಂದರೆ, ಅಲ್ಲಿ ಹಕ್ಕಿಯನ್ನು ಮಾರುವುದೇ ಇಲ್ಲ ಎಂಬುದು ಮೊದಲು ಗಮನಿಸಬೇಕಾದ ಅಂಶ. ಸಿಹಿತಿಂಡಿ, ದಿನದರ್ಶಿಕೆ, ಮೇಣದಬತ್ತಿಗಳನ್ನು ಮಾರಿ ಹಣ ಕೂಡಿಸುವ ಸಂಘ ಪ್ರತಿ ಬಾರಿಯೂ ಸರಕು ಕೊಳ್ಳಬೇಕು. ಮಾರಾಟದ ಹಣದ ದೊಡ್ಡ ಪಾಲು ತಯಾರಕನಿಗೆ ಮರಳುತ್ತದೆ. ಉಳಿದ ದಾಸ್ತಾನು ಸಂಘದ ಕೊರಳಿಗೆ ಬೀಳುತ್ತದೆ. ಹಿಂಡಿನ ವ್ಯವಹಾರದಲ್ಲಿ ಮಾರಾಟವಾಗುವುದು ಒಂದು ರಾತ್ರಿಯ ಚೇಷ್ಟೆ. ಸರಕು ಬೆಳಗಾದ ಮೇಲೆ ಮರಳಿ ಕೈಸೇರುತ್ತದೆ. ಶಾಮಿಯಾನ, ಪಾತ್ರೆಪಗಡಗಳನ್ನು ಬಾಡಿಗೆಗೆ ಕೊಡುವವರು ಈ ಲೆಕ್ಕವನ್ನು ಚೆನ್ನಾಗಿ ಬಲ್ಲರು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಇಲ್ಲಿನ ದರಗಳು ಲೆಕ್ಕದ ಅನುಕೂಲಕ್ಕಾಗಿ ಹಿಡಿದವು ಮಾತ್ರ. ಜೋಡಿಗೆ 20 ಡಾಲರಿನಂತೆ 24 ಹಕ್ಕಿಗಳಿಗೆ 240 ಡಾಲರ್. ಫಲಕ, ಚೀಲ, ಕರಪತ್ರಗಳಿಗೆ 60 ಡಾಲರ್. ಒಟ್ಟು 300 ಡಾಲರ್ ಒಂದು ಹಿಂಡಿನ ಮೂಲ ಬಂಡವಾಳ. ಒಂದು ಅಂಗಳಕ್ಕೆ ಹಿಂಡು ಕಳುಹಿಸಲು 25 ಡಾಲರ್ ದರ. ಹಿಂಡು ಪ್ರತಿ ರಾತ್ರಿಯೂ ಸ್ಥಳ ಬದಲಿಸಿದರೆ ಎರಡು ತಿಂಗಳಲ್ಲಿ 60 ಅಂಗಳ, 1,500 ಡಾಲರ್ ಸಂಗ್ರಹ. ಬಂಡವಾಳ ಕಳೆದು 1,200 ಡಾಲರ್ ಉಳಿತಾಯ. ಆದರೆ ಇದಕ್ಕಾಗಿ ಸ್ವಯಂಸೇವಕರು ಅರವತ್ತು ರಾತ್ರಿ ವಾಹನ ಹೊರಡಿಸಬೇಕು. ಬದಲಾಗಿ ಎರಡು ಹಿಂಡುಗಳನ್ನು ಕೊಂಡು, ಎರಡು ರಾತ್ರಿಗೊಮ್ಮೆ ಎರಡನ್ನೂ ಒಂದೇ ಸುತ್ತಿನಲ್ಲಿ ಬದಲಿಸಿದರೆ ಆಗಲೂ 60 ಅಂಗಳ, 1,500 ಡಾಲರ್. ಬಂಡವಾಳ 600 ಡಾಲರ್ ಆಗುವುದರಿಂದ ಉಳಿಯುವುದು 900 ಡಾಲರ್. ಆದರೆ ಹೊರಡಬೇಕಾದ ರಾತ್ರಿಗಳು ಮೂವತ್ತೇ. ಅಂದರೆ ಹೆಚ್ಚುವರಿ 300 ಡಾಲರ್ ಕೊಟ್ಟು ಸಂಘವು ಮೂವತ್ತು ರಾತ್ರಿಗಳ ಶ್ರಮವನ್ನು ಉಳಿಸಿಕೊಂಡಿತು. ರಾತ್ರಿಯೊಂದಕ್ಕೆ ಹತ್ತು ಡಾಲರ್. ಹದಿಹರೆಯದ ಮಕ್ಕಳನ್ನು ಕತ್ತಲಾದ ಮೇಲೆ ಕರೆದೊಯ್ದು, ಮರಳಿ ಮನೆ ಮುಟ್ಟಿಸಿ, ಮರುದಿನ ತನ್ನ ಕೆಲಸಕ್ಕೂ ಹಾಜರಾಗಬೇಕಾದ ಪೋಷಕನಿಗೆ ಆ ಹತ್ತು ಡಾಲರ್ ಅಗ್ಗವೆಂದೇ ತೋರೀತು. ಮುಂದಿನ ವರ್ಷಕ್ಕೆ ಎರಡೂ ಹಿಂಡುಗಳು ಉಳಿದಿರುತ್ತವೆ ಎಂಬುದು ಬೇರೆ.

ಇಂತಹ ಯೋಜನೆಗಳು ಅರ್ಧದಲ್ಲಿ ನಿಂತುಹೋಗುವುದು ಹಕ್ಕಿಗಳ ಕೊರತೆಯಿಂದಲ್ಲ, ರಾತ್ರಿಗಳ ಕೊರತೆಯಿಂದ. ಯಂತ್ರಕ್ಕೆ ಹಣ ಹೂಡಿ ಕಾರ್ಮಿಕರ ಪಾಳಿಯನ್ನು ಮರೆತ ಕಾರ್ಖಾನೆಯ ಸ್ಥಿತಿಯೇ ಇದು.

ಇನ್ನು ಬೇಡಿಕೆಯ ಮಾತು. ಮೊದಲ ಹತ್ತು ಆದೇಶಗಳು ಸಂಘದ ಸದಸ್ಯರಿಂದಲೇ ಬರುತ್ತವೆ. ನಂತರದವು ಬರಬೇಕಾದದ್ದು ಹಿಂಡು ಇಳಿದ ಮನೆಗಳಿಂದ. ತನ್ನ ಅಂಗಳವನ್ನು ಗುಲಾಬಿಮಯವಾಗಿಸಿದವರ ಹೆಸರು ತಿಳಿಯಬೇಕೆಂಬ ಕುತೂಹಲ ಒಂದು. ಅವರ ಮೇಲೆ, ಇಲ್ಲವೇ ಇನ್ನೊಬ್ಬ ಗೆಳೆಯನ ಮೇಲೆ ಸೇಡು ತೀರಿಸಿಕೊಳ್ಳಬೇಕೆಂಬ ಹಂಬಲ ಇನ್ನೊಂದು. ಅನೇಕ ಸಂಘಗಳು ಹೆಸರು ತಿಳಿಸಲು ಸಣ್ಣ ಮೊತ್ತವನ್ನೂ ಹಿಂಡನ್ನು ಮುಂದಕ್ಕೆ ಅಟ್ಟಲು ಪೂರ್ಣ ದರವನ್ನೂ ಪಡೆಯುತ್ತವೆ. ಹೀಗೆ ಪ್ರತಿ ಗಿರಾಕಿಯೂ ಮುಂದಿನ ಗಿರಾಕಿಯನ್ನು ತಾನೇ ಕರೆತರುತ್ತಾನೆ. ಜಾಹೀರಾತಿನ ವೆಚ್ಚವೂ ಇಲ್ಲ, ಏಕೆಂದರೆ ಇಪ್ಪತ್ನಾಲ್ಕು ಗುಲಾಬಿ ಹಕ್ಕಿಗಳಿಗಿಂತ ದೊಡ್ಡ ಜಾಹೀರಾತು ಫಲಕ ಆ ಬೀದಿಯಲ್ಲಿ ಇನ್ನೊಂದಿರಲಾರದು.

ಇದಕ್ಕೆ ಹೊಂದಿಕೊಂಡು 'ವಿಮೆ' ಎಂಬ ಇನ್ನೊಂದು ಬಾಬು ಇದೆ. ಮುಂಚಿತವಾಗಿ ಹಣ ಕಟ್ಟಿದವರ ಅಂಗಳಕ್ಕೆ ಹಿಂಡು ಬರುವುದಿಲ್ಲ. ಬಾಗಿಲಿಗೆ ಅಂಟಿಸಲು ಒಂದು ಪ್ರಮಾಣಪತ್ರವನ್ನೂ ಕೊಡುತ್ತಾರೆ. ವಿಮೆಯೆಂಬುದು ತಮಾಷೆಯ ಹೆಸರಷ್ಟೆ. ಹಲವು ಸಂಘಗಳು ಇದರ ದರ ನಿಗದಿಯಲ್ಲಿ ಎಡವುವುದುಂಟು. ವಿಮೆಯನ್ನು ಅಂಗಳದ ದರಕ್ಕಿಂತ ಅಗ್ಗವಾಗಿಸಿದರೆ ಎಲ್ಲರೂ ಅದನ್ನೇ ಕೊಳ್ಳುತ್ತಾರೆ. ಕೊಂಡ ಪ್ರತಿ ಮನೆಯೂ ಸರಪಳಿಯಿಂದ ಕಳಚಿಕೊಳ್ಳುತ್ತದೆ. ಅಲ್ಲಿ ಇಳಿಯಬಹುದಾಗಿದ್ದ ಹಿಂಡು, ಅಲ್ಲಿಂದ ಹೊರಡಬಹುದಾಗಿದ್ದ ಮುಂದಿನ ಆದೇಶ ಎರಡೂ ಹೋಗುತ್ತವೆ. ನೂರು ಮನೆಗಳ ಬಡಾವಣೆಯಲ್ಲಿ ನಲವತ್ತು ಮನೆಗಳು ವಿಮೆ ಮಾಡಿಸಿದರೆ ಮೂರನೆಯ ವಾರಕ್ಕೆ ಹಿಂಡು ಗೋದಾಮು ಸೇರಿ, ಆ ಬಡಾವಣೆಯಲ್ಲಿ ನಗುವುದಕ್ಕೆ ಏನೂ ಉಳಿದಿರುವುದಿಲ್ಲ. ಅಂಗಳದ ದರ 25 ಡಾಲರ್ ಇದ್ದಲ್ಲಿ ವಿಮೆಯ ದರ 40ಕ್ಕೆ ಇಳಿಯಬಾರದೆಂಬುದು ಈ ಲೆಕ್ಕದಿಂದ ಹೊರಡುವ ಸರಳ ನಿರ್ಣಯ.

ನಗೆ ಮತ್ತು ಬಲವಂತದ ನಡುವೆ

ಈ ಕ್ರಮದಲ್ಲಿ ನಿಜವಾದ ಅಪಾಯವೊಂದು ಅಡಗಿದೆ. ಒಬ್ಬರ ಜಾಗಕ್ಕೆ ಅವರ ಅಪ್ಪಣೆಯಿಲ್ಲದೆ ವಸ್ತುಗಳನ್ನು ತಂದಿಟ್ಟು, ತೆಗೆಯಬೇಕಾದರೆ ಹಣ ಕೊಡಿ ಎಂದರೆ ಅದಕ್ಕೆ ದೇಣಿಗೆಯೆಂಬ ಹೆಸರು ಒಪ್ಪುವುದಿಲ್ಲ. ಬಹುಪಾಲು ಮಂದಿ ನಕ್ಕು ಕೊಡುತ್ತಾರೆ, ನಿಜ. ಆದರೆ ಆ ವಾರವಷ್ಟೇ ಕೆಲಸ ಕಳೆದುಕೊಂಡವನಿಗೆ, ಮನೆಯಲ್ಲಿ ಸಾವು ಸಂಭವಿಸಿದವರಿಗೆ, ಒಂಟಿಯಾಗಿರುವ ವೃದ್ಧೆಗೆ ಬೆಳಗಾಗೆದ್ದು ಆ ಹಿಂಡನ್ನೂ ಹಣದ ಕೋರಿಕೆಯನ್ನೂ ಕಾಣುವುದು ಸಂತಸದ ಸಂಗತಿಯಲ್ಲ. ಅಕ್ಕಪಕ್ಕದವರೆಲ್ಲ ನೋಡುತ್ತಿರುವುದರಿಂದ ಕೊಡುವುದಿಲ್ಲವೆನ್ನಲೂ ಸಂಕೋಚ. ಸಂಕೋಚದಿಂದ ಬಂದ ಹಣ ಆ ವರ್ಷದ ಲೆಕ್ಕಕ್ಕೆ ಸೇರುತ್ತದೆ. ಜೊತೆಗೆ ಬಂದ ಕಹಿ ಮುಂದಿನ ಹಲವು ವರ್ಷಗಳ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ.

ಇದನ್ನರಿತ ಸಂಘಗಳು ಹಣವನ್ನು ಹಿಂಡು ಕಳುಹಿಸುವವರಿಂದಲೇ ಮುಂಗಡವಾಗಿ ಪಡೆಯುತ್ತವೆ. ಹಿಂಡು ಬಂದ ಮನೆಯವರು ಏನನ್ನೂ ಕೊಡಬೇಕಾಗಿಲ್ಲವೆಂದೂ, ಇಂತಹ ದಿನ ಇಂತಹ ವೇಳೆಗೆ ಸಂಘದವರೇ ಬಂದು ತೆರವುಗೊಳಿಸುವರೆಂದೂ ಪತ್ರದ ಮೊದಲ ಸಾಲಿನಲ್ಲಿಯೇ ತಿಳಿಸುತ್ತವೆ. ಒಡನೆಯೇ ತೆಗೆಸಬೇಕೆನ್ನುವವರಿಗಾಗಿ ದೂರವಾಣಿ ಸಂಖ್ಯೆ ಇರುತ್ತದೆ. ಆ ಸೇವೆಗೆ ಶುಲ್ಕವಿಲ್ಲ. ದೇಣಿಗೆಯ ಮಾತು ಬರುವುದು ಅನಂತರ. ಹೀಗೆ ಮಾಡಿದರೆ ಆದಾಯ ಕುಗ್ಗುವುದೆಂಬ ಆತಂಕಕ್ಕೆ ಹೆಚ್ಚಿನ ಆಧಾರವಿಲ್ಲ. ಕೊಡದಿದ್ದರೂ ನಡೆಯುತ್ತದೆ ಎಂದು ತಿಳಿದವನೇ ಕೈಬಿಚ್ಚಿ ಕೊಡುವುದನ್ನು ಪ್ರತಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರೂ ಕಂಡಿರುತ್ತಾರೆ.

ಕಾನೂನಿನ ತೊಡಕುಗಳೂ ಇಲ್ಲದಿಲ್ಲ. ಪರರ ಜಾಗದೊಳಗೆ ರಾತ್ರಿ ಹೊತ್ತು ಕಾಲಿಡುವುದು ಅತಿಕ್ರಮ ಪ್ರವೇಶವೆನಿಸಬಹುದು. ಕತ್ತಲಲ್ಲಿ ಅಂಗಳದಲ್ಲಿ ಓಡಾಡುವವರನ್ನು ಕಂಡು ಮನೆಯವರು ಬೇರೆ ರೀತಿಯಲ್ಲಿ ಪ್ರತಿಕ್ರಿಯಿಸಿಯಾರೆಂಬ ಭಯವೂ, ಮನೆಮನೆಯಲ್ಲಿ ಬಂದೂಕು ಇರಬಹುದಾದ ಆ ದೇಶದಲ್ಲಿ, ಅಕಾರಣವಲ್ಲ. ಆದುದರಿಂದ ಜಾಗರೂಕ ಸಂಘಗಳು ಸ್ಥಳೀಯ ಪೊಲೀಸರಿಗೆ ಮುಂಚಿತವಾಗಿ ವಿಳಾಸಗಳ ಪಟ್ಟಿಯನ್ನು ಕೊಡುತ್ತವೆ. ಮಕ್ಕಳೊಡನೆ ಹಿರಿಯರನ್ನು ಕಳುಹಿಸುತ್ತವೆ. ಸರಿರಾತ್ರಿಯ ಬದಲು ಸಂಜೆಗತ್ತಲನ್ನು ಆರಿಸಿಕೊಳ್ಳುತ್ತವೆ. ಮನೆಯ ಇನ್ನೊಬ್ಬ ಸದಸ್ಯರಿಂದ ಗುಟ್ಟಾಗಿ ಒಪ್ಪಿಗೆ ಪಡೆದರೆ ಇನ್ನೂ ಕ್ಷೇಮ. ಅನೇಕ ಬಡಾವಣೆಗಳಲ್ಲಿ ಮನೆಮಾಲೀಕರ ಸಂಘದ ನಿಯಮಾವಳಿಗಳು ಅಂಗಳದ ಅಲಂಕಾರಗಳನ್ನೇ ನಿರ್ಬಂಧಿಸಿವೆ; ಅಲ್ಲಿ ಹಿಂಡು ಇಳಿಸಿದರೆ ದಂಡದ ಪತ್ರ ಬರುವುದು ಹಿಂಡು ಕಳುಹಿಸಿದವನಿಗಲ್ಲ, ಮನೆಯ ಯಜಮಾನನಿಗೆ.

ತೆರಿಗೆಯ ವಿಷಯದಲ್ಲಿಯೂ ಎಚ್ಚರ ಬೇಕು. ಮಾನ್ಯತೆ ಪಡೆದ ಧರ್ಮಾರ್ಥ ಸಂಸ್ಥೆಗೆ 75 ಡಾಲರಿಗೂ ಹೆಚ್ಚು ಪಾವತಿಸಿದ ದಾನಿಗೆ ಪ್ರತಿಯಾಗಿ ಸರಕು ಅಥವಾ ಸೇವೆ ದೊರೆತಿದ್ದಲ್ಲಿ, ಅದರ ಅಂದಾಜು ಮೌಲ್ಯವನ್ನು ಸಂಸ್ಥೆಯು ಲಿಖಿತವಾಗಿ ತಿಳಿಸಬೇಕೆಂಬ ನಿಯಮ ಅಲ್ಲಿದೆ. ಆ ಮೌಲ್ಯವನ್ನು ಕಳೆದು ಉಳಿದ ಮೊತ್ತಕ್ಕೆ ಮಾತ್ರ ತೆರಿಗೆ ವಿನಾಯಿತಿ. ಗೆಳೆಯರ ಗುಂಪೊಂದು ರೋಗಿಯೊಬ್ಬರಿಗಾಗಿ ನೇರವಾಗಿ ಹಣ ಕೂಡಿಸಿದರೆ ವಿನಾಯಿತಿಯ ಮಾತೇ ಬರುವುದಿಲ್ಲ. ಇದನ್ನು ಮುಂಚಿತವಾಗಿ ಹೇಳದೆ ಹಣ ಪಡೆದು, ಆಮೇಲೆ ರಸೀದಿ ಕೇಳಿದಾಗ ತಡವರಿಸುವ ಗುಂಪುಗಳ ಮೇಲಿನ ನಂಬಿಕೆ ಬಹುಕಾಲ ಉಳಿಯುವುದಿಲ್ಲ.

ಹುಲ್ಲಿನ ಕೆಳಗಿನ ವಿಚಾರವೂ ಒಂದಿದೆ. ಹಕ್ಕಿಯ ಕಾಲುಗಳು ಲೋಹದ ಕಡ್ಡಿಗಳು. ಅವನ್ನು ನೆಲಕ್ಕೆ ಚುಚ್ಚಬೇಕು. ಅಮೆರಿಕದ ಅಂಗಳಗಳಲ್ಲಿ ನೀರು ಚಿಮುಕಿಸುವ ಕೊಳವೆಗಳೂ, ಸಾಕುನಾಯಿ ಗಡಿ ದಾಟದಂತೆ ತಡೆಯುವ ತಂತಿಗಳೂ ಮಣ್ಣಿನಡಿ ಹಾದುಹೋಗಿರುವುದುಂಟು. ಕತ್ತಲಲ್ಲಿ ಚುಚ್ಚಿದ ಒಂದು ಕಡ್ಡಿ ಇಡೀ ತಿಂಗಳ ಸಂಗ್ರಹವನ್ನು ಕೊಳಾಯಿ ರಿಪೇರಿಗೆ ಬಲಿ ಕೊಟ್ಟೀತು. ಉತ್ತರದ ರಾಜ್ಯಗಳಲ್ಲಿ ಚಳಿಗಾಲದ ನೆಲ ಹೆಪ್ಪುಗಟ್ಟಿ ಕಡ್ಡಿ ಇಳಿಯುವುದೇ ಇಲ್ಲ. ಹಿಂಡುಗಳು ವಸಂತಕ್ಕಾಗಿ ಕಾಯುತ್ತವೆ.

ವರ್ತಕರ ಪಾಲು

ಊರಿನ ವರ್ತಕರು ಇದರಲ್ಲಿ ಮೂರು ನಾಲ್ಕು ಬಗೆಯಲ್ಲಿ ಪಾಲ್ಗೊಳ್ಳುವುದುಂಟು. ಹಾರ್ಡ್‌ವೇರ್ ಅಂಗಡಿಯವರು ಹಕ್ಕಿಗಳನ್ನು ಕೊಂಡ ದರಕ್ಕೇ ಒದಗಿಸುತ್ತಾರೆ. ಮುದ್ರಣಾಲಯದವರು ಫಲಕ ಅಚ್ಚು ಹಾಕಿಸಿ ಕೆಳಗೊಂದು ಸಾಲಿನಲ್ಲಿ ತಮ್ಮ ಹೆಸರು ಸೇರಿಸುತ್ತಾರೆ. ಇನ್ನು ಕೆಲವರು ತಮ್ಮ ಅಂಗಡಿಯ ಮುಂದಕ್ಕೇ ಹಿಂಡನ್ನು ಹಣ ಕೊಟ್ಟು ಕರೆಸಿಕೊಳ್ಳುತ್ತಾರೆ. ಮುಂಭಾಗದಲ್ಲಿ ಹಕ್ಕಿಗಳು ನಿಂತ ಅಂಗಡಿಯತ್ತ ದಾರಿಹೋಕರ ಕಣ್ಣು ಹೊರಳದೆ ಇರದು. ಹಾಗೆಯೇ ಸಮಾರಂಭದ ವೇದಿಕೆಯಲ್ಲಿ ಚೆಕ್ ಹಸ್ತಾಂತರಿಸುವ ಛಾಯಾಚಿತ್ರವನ್ನು ಯಾರೂ ಎರಡು ಬಾರಿ ನೋಡುವುದಿಲ್ಲವೆಂಬುದೂ ಅಷ್ಟೇ ಸತ್ಯ.

ಇದೇ ಉಪಾಯ ಶುದ್ಧ ವ್ಯಾಪಾರವಾಗಿಯೂ ಬೆಳೆದಿದೆ. ಹುಟ್ಟುಹಬ್ಬ, ನಿವೃತ್ತಿ, ಮಗುವಿನ ಜನನದಂತಹ ಸಂದರ್ಭಗಳಿಗೆ ಹಕ್ಕಿಗಳ ಹಿಂಡನ್ನೋ, ದೊಡ್ಡ ಅಕ್ಷರಗಳ ಶುಭಾಶಯ ಫಲಕಗಳನ್ನೋ ರಾತ್ರಿ ನೆಟ್ಟು ಮರುದಿನ ಕೀಳುವ ಸಣ್ಣ ಬಾಡಿಗೆ ಉದ್ಯಮಗಳು ಅಲ್ಲಿ ತಲೆಯೆತ್ತಿವೆ. 2020ರ ಕೋವಿಡ್ ಕಾಲದಲ್ಲಿ ಜನ ಒಂದೆಡೆ ಸೇರುವಂತಿರಲಿಲ್ಲವಾದ್ದರಿಂದ ಅಂಗಳದ ಫಲಕಗಳಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು. ಮನೆಯ ಕಾರುಶೆಡ್ಡಿನಿಂದಲೇ ನಡೆಸಬಹುದಾದ, ದಾಸ್ತಾನು ಕರಗದ ವ್ಯವಹಾರವಿದು.

ತಯಾರಕನ ಕಥೆ ಮಾತ್ರ ಇಷ್ಟು ಸುಗಮವಲ್ಲ. ಹಕ್ಕಿ ಜನಪ್ರಿಯವಾದಂತೆ ನಕಲುಗಳು ಮಾರುಕಟ್ಟೆಯನ್ನು ತುಂಬಿದವು. ನಿಜವಾದದ್ದು ಯಾವುದೆಂದು ತೋರಿಸಲು ಎಂಬತ್ತರ ದಶಕದ ಉತ್ತರಾರ್ಧದಲ್ಲಿ ಫೆದರ್‌ಸ್ಟೋನ್‌ರ ಸಹಿಯನ್ನೇ ಅಚ್ಚಿನಲ್ಲಿ ಕೆತ್ತಲಾಯಿತು. 1996ರಲ್ಲಿ ಅವರಿಗೆ, ಮೊದಲು ನಗಿಸಿ ಅನಂತರ ಯೋಚನೆಗೆ ಹಚ್ಚುವ ಸಾಧನೆಗಳಿಗಾಗಿ ಕೊಡುವ ಇಗ್ ನೊಬೆಲ್ ಬಹುಮಾನ ಕಲಾ ವಿಭಾಗದಲ್ಲಿ ಬಂದಿತು. ವಿನ್ಯಾಸಕಾರನಾಗಿ ಸೇರಿದವರು ಕಂಪನಿಯ ಅಧ್ಯಕ್ಷರಾಗಿ 2000ದಲ್ಲಿ ನಿವೃತ್ತರಾದರು. ಆರು ವರ್ಷ ಕಳೆಯುವುದರೊಳಗೆ ಕಾರ್ಖಾನೆಯೇ ಮುಚ್ಚಿತು. ಪ್ಲಾಸ್ಟಿಕ್ ರೆಸಿನ್ನಿನ ಬೆಲೆ ಏರಿತ್ತು, ವಿದ್ಯುತ್ತಿನ ದರ ಏರಿತ್ತು, ಹಣಕಾಸಿನ ಆಸರೆ ತಪ್ಪಿತ್ತು. ಜಗತ್ತಿಗೆಲ್ಲ ಪರಿಚಿತವಾದ ಸರಕು, ಕುಗ್ಗದ ಹೆಸರು, ಐವತ್ತು ವರ್ಷಗಳ ಅನುಭವ, ಇಷ್ಟಿದ್ದೂ 2006ರಲ್ಲಿ ಯಂತ್ರಗಳು ನಿಂತವು. ಹೆಸರು ಬೇರೆ, ಲಾಭಾಂಶ ಬೇರೆ ಎಂಬುದನ್ನು ಸಣ್ಣ ಕೈಗಾರಿಕೆ ನಡೆಸುವವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ಅಚ್ಚುಗಳು ಗುಜರಿಗೆ ಹೋಗಲಿಲ್ಲವೆಂಬುದೇ ಸಮಾಧಾನ. 2007ರಲ್ಲಿ ನ್ಯೂಯಾರ್ಕಿನ ಕಂಪನಿಯೊಂದು ಅವನ್ನು ಕೊಂಡು, ತಯಾರಿಕೆಯನ್ನು ಮೆಸಾಚುಸೆಟ್ಸಿನಲ್ಲಿಯೇ ಇರುವ ಕಾಡೊ ಪ್ರಾಡಕ್ಟ್ಸ್ ಎಂಬ ಉದ್ಯಮಕ್ಕೆ ವಹಿಸಿತು. 2010ರಲ್ಲಿ ಕಾಡೊ ಅಚ್ಚುಗಳನ್ನೂ ಹಕ್ಕುಗಳನ್ನೂ ತಾನೇ ಕೊಂಡುಕೊಂಡಿತು. ಫೆದರ್‌ಸ್ಟೋನ್ 2015ರ ಜೂನ್ ತಿಂಗಳಲ್ಲಿ 79ರ ವಯಸ್ಸಿನಲ್ಲಿ ನಿಧನರಾದರು. ಅಂಗಳಗಳಿಗೆ ಹಿಂಡು ಇಳಿಸಿ ನಿಧಿ ಕೂಡಿಸಬಹುದೆಂಬುದು ಅವರು ಮಾದರಿ ರೂಪಿಸಿದಾಗಿನ ಯೋಚನೆಯಲ್ಲ. ಆ ಮಾರುಕಟ್ಟೆಯನ್ನು ಕಂಡುಕೊಂಡವರು ಬಳಕೆದಾರರು. ಒಂದು ಮನೆಗೆ ಜೋಡಿ ಸಾಕಾಗಿದ್ದ ಸರಕನ್ನು ಡಜನ್ನುಗಟ್ಟಲೆ ಕೊಳ್ಳುವ ಗಿರಾಕಿಯನ್ನು ಯಾವ ಮಾರಾಟ ಪ್ರತಿನಿಧಿಯೂ ಹುಡುಕಿ ತಂದದ್ದಲ್ಲ.

ಎರಡು ತಿಂಗಳ ಅಭಿಯಾನ ಮುಗಿದ ಮೇಲೆ ಹಿಂಡಿಗೂ ಲೆಕ್ಕ ಒಪ್ಪಿಸುವ ದಿನ ಬರುತ್ತದೆ. ಕಾಲುಗಳನ್ನು ಕಳಚಿ ಬೇರೆಯಾಗಿ ಕಟ್ಟುತ್ತಾರೆ; ಮಣ್ಣನ್ನು ತೊಳೆದು, ಬಣ್ಣ ಮಾಸಿದವನ್ನು ಬದಿಗಿಟ್ಟು, ಹೊಟ್ಟೆಯ ಕೆಳಗೆ ಬರೆದ ಸಂಖ್ಯೆಗಳನ್ನು ಪುಸ್ತಕದೊಡನೆ ತಾಳೆ ನೋಡುತ್ತಾರೆ. ಒಂದೆರಡು ಹಕ್ಕಿಗಳು ಕಡಿಮೆಯಾಗಿರುವುದುಂಟು. ಯಾರದೋ ಅಂಗಳ ಅವಕ್ಕೆ ಹಿಡಿಸಿರಬೇಕು. ಅವುಗಳ ಬೆಲೆಯನ್ನು ವೆಚ್ಚದ ಕಲಮಿನಲ್ಲಿ ಬರೆದು, ಒಟ್ಟು ಸಂಗ್ರಹ, ಒಟ್ಟು ಖರ್ಚು, ಉಳಿದ ಮೊತ್ತ ಇಷ್ಟನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಹಿಂಡು ಇಳಿದ ಪ್ರತಿ ಮನೆಗೂ ಕಳುಹಿಸುವ ಸಂಘಗಳಿವೆ. ಪೆಟ್ಟಿಗೆಗಳು ಯಾರದೋ ಕಾರುಶೆಡ್ಡಿನ ಅಟ್ಟ ಸೇರುತ್ತವೆ. ಶರತ್ಕಾಲದ ಹೊತ್ತಿಗೆ ಇನ್ನೊಂದು ಸಂಘದವರು ಬಂದು, ಅವನ್ನು ಒಂದು ತಿಂಗಳ ಮಟ್ಟಿಗೆ ಕಡವಾಗಿ ಕೊಡುವಿರಾ ಎಂದು ಕೇಳುತ್ತಾರೆ.